ಆರೋಗ್ಯಸಂಶೋಧನೆಯ ನೀತಿಸೂತ್ರಗಳು: ಚಂದ್ರವಳ್ಳಿಯ ನಿದರ್ಶನದೊಡನೆ ಒಂದು ವಿಮರ್ಶೆ

೧

ಶಾಸ್ತ್ರಗ್ರಂಥಗಳಲ್ಲಿ ಎರಡು ಬಗೆಯುಂಟು. ಬಲ್ಲವನ ಜ್ಞಾಪಕಕ್ಕಾಗಿ ಬರೆದುದು ಒಂದು. ಅರಿಯದವನಿಗೆ ಕಲಿಸುವುದಕ್ಕಾಗಿ ಬರೆದುದು ಇನ್ನೊಂದು. ಸೂತ್ರವು ಮೊದಲನೆಯ ಬಗೆಗೆ ಸೇರಿದುದು. ವ್ಯಾಖ್ಯಾನವೂ ಉದಾಹರಣೆಯೂ ಕೂಡಿದ ಪಾಠವು ಎರಡನೆಯದಕ್ಕೆ. ಸೂತ್ರವನ್ನೇ ಪಾಠವೆಂದು ವಿದ್ಯಾರ್ಥಿಯ ಕೈಗಿತ್ತರೆ ಅವನು ಅದನ್ನು ಕಂಠಪಾಠ ಮಾಡಿಯಾನೇ ಹೊರತು ಅದರಂತೆ ನಡೆಯುವುದನ್ನು ಕಲಿಯಲಾರನು. ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತು ೨೦೧೭ರಲ್ಲಿ ಪ್ರಕಟಿಸಿದ, ಮನುಷ್ಯರು ಭಾಗಿಗಳಾಗಿರುವ ಜೀವವೈದ್ಯಕೀಯ ಮತ್ತು ಆರೋಗ್ಯ ಸಂಶೋಧನೆಗೆ ಸಂಬಂಧಪಟ್ಟ ರಾಷ್ಟ್ರೀಯ ನೀತಿಸೂತ್ರಗಳನ್ನು ಓದುವವರಿಗೆ ಈ ಭೇದವು ಅಲ್ಲಲ್ಲಿ ನೆನಪಾಗದೆ ಇರದು. ವೈದ್ಯಕೀಯ ಕಾಲೇಜಿನಿಂದ ಆಗತಾನೆ ಹೊರಬಂದು, ಮೊದಲನೆಯ ಪ್ರಬಂಧಕ್ಕಾಗಿ ಹಳ್ಳಿಗೆ ಹೊರಟ ಯುವಕನಿಗೋ ಯುವತಿಗೋ ಈ ಗ್ರಂಥವು ಏನನ್ನು ಕಲಿಸುತ್ತದೆ, ಏನನ್ನು ಕಲಿಸದೆ ಬಿಡುತ್ತದೆ ಎಂಬುದು ಪ್ರಕೃತ ವಿಚಾರ.

ಈ ಸೂತ್ರಗಳ ಹಿಂದೆ ದೀರ್ಘವಾದ, ಬಹುಮಟ್ಟಿಗೆ ದುಃಖಕರವಾದ ಚರಿತ್ರೆಯಿದೆ. ಜರ್ಮನಿಯ ನಾಜಿ ವೈದ್ಯರ ವಿಚಾರಣೆಯ ಕೊನೆಗೆ ೧೯೪೭ರಲ್ಲಿ ನ್ಯೂರೆಂಬರ್ಗಿನ ನಿಯಮಗಳು ಹುಟ್ಟಿದವು. ೧೯೬೪ರಲ್ಲಿ ವಿಶ್ವವೈದ್ಯಕೀಯ ಸಂಘವು ಹೆಲ್ಸಿಂಕಿಯಲ್ಲಿ ತನ್ನ ಘೋಷಣೆಯನ್ನು ಹೊರಡಿಸಿತು. ಅಮೆರಿಕದ ಟಸ್ಕೀಗಿಯಲ್ಲಿ ೧೯೩೨ರಿಂದ ೧೯೭೨ರವರೆಗೆ ಫರಂಗಿರೋಗವಿದ್ದ ಸುಮಾರು ೪೦೦ ಮಂದಿ ಕರಿಯ ಜನರಿಗೆ ಔಷಧವನ್ನು ಕೊಡದೆ ರೋಗದ ಗತಿಯನ್ನು ನೋಡುತ್ತ ಕುಳಿತ ಸಂಗತಿ ಬಯಲಾದ ಮೇಲೆ, ೧೯೭೯ರ ಬೆಲ್ಮಾಂಟ್ ವರದಿ ಬಂದಿತು. ಭಾರತವೂ ಈ ಕಳಂಕದಿಂದ ಹೊರತಾಗಿರಲಿಲ್ಲ. ೧೯೭೦ ಮತ್ತು ೧೯೮೦ರ ದಶಕಗಳಲ್ಲಿ ದೆಹಲಿಯಲ್ಲಿ ಪರಿಷತ್ತಿನ ಆಶ್ರಯದಲ್ಲಿಯೇ, ಮುಂದೆ ಕ್ಯಾನ್ಸರಿಗೆ ತಿರುಗಬಹುದಾದ ಗರ್ಭಕಂಠದ ವಿಕಾರವುಳ್ಳ ಸ್ತ್ರೀಯರನ್ನು ಲಿಖಿತ ಸಮ್ಮತಿಯಿಲ್ಲದೆ, ಚಿಕಿತ್ಸೆಯನ್ನೂ ಕೊಡದೆ, ಕಾದುನೋಡಿದ ಅಧ್ಯಯನವೊಂದು ನಡೆದು, ೧೯೯೭ರಲ್ಲಿ ಬೆಳಕಿಗೆ ಬಂದಿತು. ಪರಿಷತ್ತು ೧೯೮೦ರಲ್ಲಿ ಒಂದು ಚಿಕ್ಕ ನೀತಿಹೇಳಿಕೆಯನ್ನು ಹೊರಡಿಸಿದ್ದಿತು. ವಿಸ್ತಾರವಾದ ಸೂತ್ರಗಳು ೨೦೦೦ದಲ್ಲಿ ಬಂದು, ೨೦೦೬ರಲ್ಲಿಯೂ ೨೦೧೭ರಲ್ಲಿಯೂ ಪರಿಷ್ಕಾರವನ್ನು ಹೊಂದಿದವು. ಹೊಸ ಔಷಧಗಳ ಪ್ರಯೋಗಕ್ಕೆ ಸಂಬಂಧಪಟ್ಟ ೨೦೧೯ರ ನಿಯಮಗಳು ಕಾನೂನಿನ ಬಲವುಳ್ಳವು. ಆರೋಗ್ಯಸಂಶೋಧನೆಯನ್ನು ಪರಿಶೀಲಿಸುವ ನೀತಿಸಮಿತಿಗಳು ಸರಕಾರದಲ್ಲಿ ನೋಂದಾಯಿಸಿಕೊಳ್ಳಬೇಕೆಂಬುದೂ ಆ ನಿಯಮಗಳಿಂದಲೇ ಬಂದುದು.

ಇಂತಹ ಗ್ರಂಥವನ್ನು ಪರೀಕ್ಷಿಸುವುದಕ್ಕೆ ಒರೆಗಲ್ಲೊಂದು ಬೇಕು. ಚಿತ್ರದುರ್ಗದ ಸಮೀಪದ ಚಂದ್ರವಳ್ಳಿಯು ಅಂತಹ ಒರೆಗಲ್ಲಾಗಬಲ್ಲುದು. ಅದು ವೈದ್ಯಶಾಸ್ತ್ರದ ಕ್ಷೇತ್ರವಲ್ಲವೆಂಬುದು ನಿಜ. ಆದರೂ ಸಂಶೋಧಕನಿಗೂ ಸಂಶೋಧ್ಯಕ್ಕೂ ಇರುವ ಸಂಬಂಧವು ಎಷ್ಟು ತೆರನಾಗಿರಬಹುದೆಂಬುದನ್ನು ಆ ಒಂದು ಕಣಿವೆಯಲ್ಲಿಯೂ ಅದರ ಸುತ್ತಣ ಊರುಗಳಲ್ಲಿಯೂ ಕಾಣಬಹುದಾಗಿದೆ.

೨

ಚಿತ್ರದುರ್ಗ, ಕಿರುಬನಕಲ್ಲು, ಚೋಳಗುಡ್ಡ ಎಂಬ ಬೆಟ್ಟಗಳ ನಡುವಣ ತಗ್ಗಿನಲ್ಲಿರುವ ಚಂದ್ರವಳ್ಳಿಯಲ್ಲಿ, ಭೈರವೇಶ್ವರ ದೇವಾಲಯದ ಬಳಿಯ ಬಂಡೆಯ ಮೇಲೆ, ಕದಂಬ ಮಯೂರಶರ್ಮನ ಹೆಸರುಳ್ಳ ಮೂರು ಸಾಲಿನ ಪ್ರಾಕೃತ ಶಾಸನವಿದೆ. ಮೈಸೂರು ಪುರಾತತ್ತ್ವ ಇಲಾಖೆಯ ಎಂ. ಎಚ್. ಕೃಷ್ಣ ಅವರು ಇದನ್ನು ಓದಿ ೧೯೨೯ರ ವಾರ್ಷಿಕ ವರದಿಯಲ್ಲಿ ಪ್ರಕಟಿಸಿದರು. ಮಯೂರಶರ್ಮನು ಒಂದು ಕೆರೆಯನ್ನು ಕಟ್ಟಿಸಿದನೆಂಬುದು ಮೊದಲ ಭಾಗದ ತಾತ್ಪರ್ಯ. ಮುಂದಿನ ಭಾಗದಲ್ಲಿ ತ್ರೈಕೂಟ, ಆಭೀರ, ಪಲ್ಲವ, ಪಾರಿಯಾತ್ರಿಕ, ಶಕಸ್ಥಾನ, ಸೇಂದ್ರಕ, ಪುನಾಟ, ಮೌಖರಿ ಎಂಬ ಹೆಸರುಗಳನ್ನು ಅವರು ಕಂಡರು. ಈ ಪಾಠವು ಸರಿಯಾದ ಪಕ್ಷದಲ್ಲಿ ಮಯೂರಶರ್ಮನ ಪ್ರತಾಪವು ಉತ್ತರಾಪಥದವರೆಗೆ ಹಬ್ಬಿದ್ದಿತೆಂದು ಹೇಳಬೇಕಾಗುತ್ತದೆ. ಡಿ. ಸಿ. ಸರ್ಕಾರ್ ಮೊದಲಾದ ವಿದ್ವಾಂಸರು ಇದನ್ನು ಸಂಶಯದಿಂದ ಕಂಡರು. ಚಿತ್ರದುರ್ಗದವರೇ ಆದ ಬಿ. ರಾಜಶೇಖರಪ್ಪನವರು ಬಂಡೆಯನ್ನು ಮತ್ತೆ ಓದಿ ಬೇರೊಂದು ಪಾಠವನ್ನು ಮುಂದಿಟ್ಟರು.

ಇಲ್ಲಿ ಗಮನಿಸತಕ್ಕ ಸಂಗತಿಯೇನೆಂದರೆ, ಈ ವಾದವಿವಾದಗಳಿಗೆಲ್ಲ ಅವಕಾಶವಿತ್ತುದು ಬಂಡೆಯ ಸಹನೆ. ಒಬ್ಬನು ತಪ್ಪಾಗಿ ಓದಿದರೆ ಬಂಡೆಗೆ ನೋವಿಲ್ಲ. ಇನ್ನೊಬ್ಬನು ಬಂದು ಓದುವವರೆಗೆ ಅದು ಕಾದಿರುತ್ತದೆ. ಆದರೂ ಶಾಸನಶಾಸ್ತ್ರದಲ್ಲಿ ನೀತಿಯಿಲ್ಲವೆಂದಲ್ಲ. ಮಸುಕಾದ ಅಕ್ಷರಗಳಿಗೆ ಸೀಮೆಸುಣ್ಣವನ್ನು ತುಂಬುವವನು ತನ್ನ ಮನಸ್ಸಿನಲ್ಲಿರುವ ಅಕ್ಷರವನ್ನೇ ಕಲ್ಲಿನ ಮೇಲೆ ಬರೆದುಬಿಡಬಹುದು. ಆದಕಾರಣ ಅಚ್ಚನ್ನು ತೆಗೆದು, ಪ್ರಕಟಿಸಿ, ಸಂದಿಗ್ಧವಾದ ಅಕ್ಷರಗಳನ್ನು ಆವರಣದಲ್ಲಿಟ್ಟು, ಓದುಗರ ಮುಂದೆ ಒಪ್ಪಿಸುವುದು ಆ ಶಾಸ್ತ್ರದ ಸಂಪ್ರದಾಯ. ತನ್ನ ಪಾಠವನ್ನು ಇನ್ನೊಬ್ಬನು ಪರೀಕ್ಷಿಸಲು ಬೇಕಾದ ಸಾಮಗ್ರಿಯನ್ನು ತಾನೇ ಒದಗಿಸುವುದು ಸಂಶೋಧಕನ ಮೊದಲನೆಯ ಧರ್ಮವೆಂದು ಬಂಡೆಯು ಕಲಿಸುತ್ತದೆ.

ಅದೇ ಚಂದ್ರವಳ್ಳಿಯ ನೆಲವು ಕಲಿಸುವ ಪಾಠ ಬೇರೆ. ಕೃಷ್ಣ ಅವರು ಮೊದಲು ಅಗೆದ ಈ ನಿವೇಶನವನ್ನು ೧೯೪೭ರಲ್ಲಿ ಮಾರ್ಟಿಮರ್ ವ್ಹೀಲರ್ ಅವರು, ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯೊಡನೆ, ಮತ್ತೆ ಅಗೆಯಿಸಿದರು. ಶಾತವಾಹನರ ಕಾಲದ ನಾಣ್ಯಗಳೂ ರೋಮನ್ ಚಕ್ರವರ್ತಿಗಳ ಬೆಳ್ಳಿಯ ನಾಣ್ಯಗಳೂ ದೊರೆತ ಈ ನೆಲದಲ್ಲಿ, ಯಾವ ವಸ್ತುವು ಯಾವ ಪದರದಲ್ಲಿ ಸಿಕ್ಕಿತೆಂಬುದೇ ಕಾಲನಿರ್ಣಯಕ್ಕೆ ಆಧಾರ. ಆದರೆ ಪದರವನ್ನು ಒಮ್ಮೆ ತೆಗೆದರೆ ತೆಗೆದಂತೆಯೇ. ಬಂಡೆಯನ್ನು ನೂರು ಸಲ ಓದಬಹುದು. ನೆಲವನ್ನು ಒಂದೇ ಸಲ ಅಗೆಯಬಹುದು. ಅಗೆದ ಮೇಲೆ ಉಳಿಯುವುದು ಅಗೆದವನ ದಿನಚರಿಯ ಪುಸ್ತಕವೂ ನಕ್ಷೆಯೂ ಮಾತ್ರ. ಅವನು ಅಲ್ಲಿ ಬರೆಯದೆ ಬಿಟ್ಟುದು ಜಗತ್ತಿಗೆ ಶಾಶ್ವತವಾಗಿ ನಷ್ಟವಾದುದೇ. ಆದ್ದರಿಂದ ತೋಡುವುದಕ್ಕೆ ಮೊದಲು ತೋಡಬೇಕೆ ಎಂದು ಯೋಚಿಸುವುದೂ, ತೋಡಿದ ಮೇಲೆ ಏನನ್ನೂ ಮರೆಮಾಡದೆ ಬರೆದಿಡುವುದೂ ಎರಡನೆಯ ಧರ್ಮ.

೩

ಬಂಡೆ, ನೆಲ ಇವೆರಡರ ಆಚೆಗೆ ಮೂರನೆಯ ಸಂಶೋಧ್ಯವೊಂದಿದೆ. ಅದು ಮನುಷ್ಯ. ಚಿತ್ರದುರ್ಗದ ಸೀಮೆಯು ಈ ಬಗೆಯ ಸಂಶೋಧನೆಗೂ ಹೊಸದಲ್ಲ. ೧೯೨೦ರ ದಶಕದ ಕೊನೆಯಿಂದ ಮೈಸೂರು ಸಂಸ್ಥಾನವು ಅಮೆರಿಕದ ರಾಕ್‌ಫೆಲರ್ ಪ್ರತಿಷ್ಠಾನದ ನೆರವಿನಿಂದ ಮಲೇರಿಯಾ ಜ್ವರದ ಅಧ್ಯಯನವನ್ನು ಕೈಗೊಂಡಾಗ, ಅದಕ್ಕಾಗಿ ಆರಿಸಿದ ಸ್ಥಳಗಳಲ್ಲಿ ಹಿರಿಯೂರೂ ಒಂದು. ಆ ಕಾಲದಲ್ಲಿ ಊರಿನ ಮಲೇರಿಯಾದ ಪ್ರಮಾಣವನ್ನು ತಿಳಿಯಲು ಮಕ್ಕಳ ಹೊಟ್ಟೆಯನ್ನು ಮುಟ್ಟಿ ಗುಲ್ಮವು ಊದಿದೆಯೇ ಎಂದು ಎಣಿಸುವುದು ಸಾಮಾನ್ಯ ಕ್ರಮವಾಗಿದ್ದಿತು. ಸಂಸ್ಥಾನದಲ್ಲಿ ದುಡಿದ ಸ್ವೀಟ್ ಮತ್ತು ರಾವ್ ಎಂಬ ವಿದ್ವಾಂಸರು ಸೊಳ್ಳೆಯ ಮೊಟ್ಟೆಗಳನ್ನು ಅಳೆದು, ೧೯೩೭ರಲ್ಲಿ ಅನಾಫಿಲಿಸ್ ಸ್ಟೀಫೆನ್ಸಿ ಎಂಬ ಜಾತಿಯಲ್ಲಿ ಒಂದು ಪ್ರಭೇದವನ್ನು ಬೇರ್ಪಡಿಸಿ ಅದಕ್ಕೆ 'ಮೈಸೊರೆನ್ಸಿಸ್' ಎಂದು ಹೆಸರಿಟ್ಟರು. ಹೀಗೆ ಮೈಸೂರಿನ ಹೆಸರು ಕೀಟಶಾಸ್ತ್ರದಲ್ಲಿ ಸ್ಥಿರವಾಯಿತು. ಆ ಅಧ್ಯಯನಗಳಿಂದ ಜನಕ್ಕೆ ಉಪಕಾರವಾಯಿತೆಂಬುದರಲ್ಲಿ ಸಂದೇಹವಿಲ್ಲ. ಆದರೆ ಹೊಟ್ಟೆಯನ್ನು ಮುಟ್ಟಿಸಿಕೊಂಡ ಮಕ್ಕಳ ತಾಯಿತಂದೆಗಳನ್ನು ಕೇಳಬೇಕೆಂಬ ವಿಚಾರವು ಆ ಕಾಲದ ಶಾಸ್ತ್ರದ ಪರಿಧಿಯೊಳಗೆ ಇರಲಿಲ್ಲ. ಇದು ಒಬ್ಬಿಬ್ಬರ ದೋಷವಲ್ಲ, ಯುಗದ ದೃಷ್ಟಿ.

೨೦೧೭ರ ಸೂತ್ರಗಳು ಆ ದೃಷ್ಟಿಯನ್ನು ಬದಲಿಸಿದುವೆಂಬುದೇ ಅವುಗಳ ಪ್ರಧಾನವಾದ ಗುಣ. ಗ್ರಂಥವು ೧೨ ಪ್ರಕರಣಗಳಾಗಿ ವಿಂಗಡವಾಗಿದೆ. ಮೊದಲನೆಯದರಲ್ಲಿ ೧೨ ಸಾಮಾನ್ಯ ತತ್ತ್ವಗಳಿವೆ. ಸಂಶೋಧನೆಯು ಅವಶ್ಯವಾದುದೇ ಆಗಿರಬೇಕು, ಭಾಗಿಯು ಸ್ವಇಚ್ಛೆಯಿಂದ ಬರಬೇಕು, ಯಾರನ್ನೂ ಸುಲಿಯಬಾರದು, ಗುಟ್ಟನ್ನು ಕಾಪಾಡಬೇಕು, ಕೇಡನ್ನು ಕಡಮೆಮಾಡಿ ಹಿತವನ್ನು ಹೆಚ್ಚಿಸಬೇಕು, ಹೊಣೆಯನ್ನು ಯಾರೂ ಇನ್ನೊಬ್ಬರ ಮೇಲೆ ಹಾಕಿ ಜಾರಿಕೊಳ್ಳಬಾರದು ಎಂಬಿವು ಅವುಗಳಲ್ಲಿ ಮುಖ್ಯವಾದುವು. ನೀತಿಸಮಿತಿಯ ರಚನೆಯೂ ವಿಚಾರಪೂರ್ವಕವಾದುದು. ೭ರಿಂದ ೧೫ ಮಂದಿಯ ಸಮಿತಿಯಲ್ಲಿ ಅರ್ಧದಷ್ಟಾದರೂ ಸಂಸ್ಥೆಗೆ ಸೇರದವರಿರಬೇಕು. ಅಧ್ಯಕ್ಷನು ಹೊರಗಿನವನೇ ಆಗಿರಬೇಕು. ನ್ಯಾಯವೇತ್ತನೂ ಸಮಾಜಶಾಸ್ತ್ರಜ್ಞನೂ ಅಲ್ಲದೆ ವಿಜ್ಞಾನವನ್ನರಿಯದ ಸಾಮಾನ್ಯ ಗೃಹಸ್ಥನೊಬ್ಬನೂ ಇರಬೇಕು. ಈ ಕೊನೆಯ ವಿಧಿಯು ಬಹಳ ಬೆಲೆಯುಳ್ಳದ್ದು. ಪಂಡಿತರ ಸಭೆಯಲ್ಲಿ ‘ಇದೇನು, ಯಾತಕ್ಕೆ?’ ಎಂದು ಕೇಳುವ ಒಬ್ಬನಿಗೆ ಅದು ಪೀಠವನ್ನು ಕೊಟ್ಟಿದೆ.

ಹೊಸಬನು ತಿಳಿಯಬೇಕಾದ ಇನ್ನೊಂದು ಸಂಗತಿಯೂ ಇಲ್ಲಿ ಸ್ಪಷ್ಟವಾಗಿದೆ. ಪದವಿಗಾಗಿ ಬರೆಯುವ ಪ್ರಬಂಧವೂ ಸಂಶೋಧನೆಯೇ. ಅದು ಚಿಕ್ಕದೆಂಬ ಕಾರಣದಿಂದ ಸಮಿತಿಯ ಪರಿಶೀಲನೆಯಿಂದ ತಪ್ಪಿಸಿಕೊಳ್ಳುವಂತಿಲ್ಲ. ಕೇಡಿನ ಸಂಭವವನ್ನು ಅನುಸರಿಸಿ ಪರಿಶೀಲನೆಯು ವಿನಾಯಿತಿ, ಶೀಘ್ರಪರಿಶೀಲನೆ, ಪೂರ್ಣಸಭೆಯ ಪರಿಶೀಲನೆ ಎಂದು ಮೂರು ವಿಧ. ಯಾವುದು ತನಗೆ ಸಲ್ಲತಕ್ಕದ್ದೆಂಬುದನ್ನು ನಿರ್ಣಯಿಸುವ ಅಧಿಕಾರ ಸಮಿತಿಯದು, ಅರ್ಜಿದಾರನದಲ್ಲ. ಕೆಲಸವನ್ನು ಮುಗಿಸಿದ ಮೇಲೆ ಅನುಮತಿಯನ್ನು ಬೇಡುವುದು ಊಟವಾದ ಮೇಲೆ ಎಲೆ ಹಾಕಿದಂತೆ.

೪

ಗುಣಗಳನ್ನು ಹೇಳಿದ ಮೇಲೆ ಕೊರತೆಗಳನ್ನೂ ಹೇಳಬೇಕಾಗಿದೆ. ಮೊದಲನೆಯದು ಭಾಷೆಗೆ ಸಂಬಂಧಿಸಿದುದು. ಸಮ್ಮತಿಪತ್ರವು ಭಾಗಿಗೆ ತಿಳಿಯುವ ಭಾಷೆಯಲ್ಲಿ, ಸುಲಭವಾದ ಮಾತಿನಲ್ಲಿ ಇರಬೇಕೆಂದು ಸೂತ್ರಗಳು ವಿಧಿಸುತ್ತವೆ. ಆದರೆ ಇಂಗ್ಲಿಷಿನಲ್ಲಿ ಬರೆದು ಕನ್ನಡಕ್ಕೆ ತಿರುಗಿಸಿದ ಪತ್ರಗಳಲ್ಲಿ ಸಾಮಾನ್ಯವಾಗಿ ಕಾಣುವುದು ಅಕ್ಷರ ಮಾತ್ರ ಕನ್ನಡವಾದ ಒಂದು ಭಾಷೆ. ‘ಯಾದೃಚ್ಛಿಕ ಹಂಚಿಕೆ’ ಎಂದರೆ ಹೊಸದುರ್ಗದ ರೈತನಿಗೆ ಏನು ತಿಳಿದೀತು? ಚೀಟಿ ಎತ್ತಿದ ಹಾಗೆ, ಯಾರ ಪಾಲಿಗೆ ಯಾವ ಔಷಧ ಬರುವುದೆಂಬುದು ವೈದ್ಯರ ಇಷ್ಟದಂತೆ ನಡೆಯುವುದಿಲ್ಲವೆಂದು ಹೇಳಿದರೆ ಅವನು ಒಡನೆಯೇ ಗ್ರಹಿಸುವನು. ‘ಅಪಾಯ’ ಎಂಬ ಶಬ್ದದ ಗತಿಯೂ ಹೀಗೆಯೇ. ಶಾಸ್ತ್ರಕಾರನ ಮನಸ್ಸಿನಲ್ಲಿರುವುದು ಕೇಡಿನ ಸಂಭವ, ಹೆಚ್ಚೋ ಕಡಮೆಯೋ ಎಂಬ ಲೆಕ್ಕ. ಕನ್ನಡದ ‘ಅಪಾಯ’ವಾದರೋ ಬಾಗಿಲಿಗೆ ಬಂದು ನಿಂತ ಗಂಡಾಂತರ. ಅದನ್ನು ಬರೆದರೆ ಕೇಳಿದವರು ಬೆದರುವರು. ಬೆದರುವರೆಂದು ‘ಸ್ವಲ್ಪ ತೊಂದರೆ’ ಎಂದು ತಿದ್ದಿದರೆ ಸತ್ಯಕ್ಕೆ ಲೋಪ. ಹತ್ತು ಜನರಲ್ಲಿ ಒಬ್ಬರಿಗೋ ಸಾವಿರ ಜನರಲ್ಲಿ ಒಬ್ಬರಿಗೋ ಇಂತಹುದು ಆಗಬಹುದೆಂದು ಬಿಡಿಸಿ ಹೇಳುವುದೇ ಸರಿಯಾದ ಮಾರ್ಗ.

ಎಲ್ಲಕ್ಕಿಂತ ಗಂಭೀರವಾದ ಗೊಂದಲವು ‘ಪರೀಕ್ಷೆ’ ಎಂಬ ಮಾತಿನಿಂದ ಹುಟ್ಟುತ್ತದೆ. ರೋಗಿಯ ಹಿತಕ್ಕಾಗಿ ರಕ್ತವನ್ನು ನೋಡುವುದೂ ಪರೀಕ್ಷೆ. ಶಾಸ್ತ್ರದ ಹಿತಕ್ಕಾಗಿ ನೋಡುವುದೂ ಪರೀಕ್ಷೆ. ಬಿಳಿಯ ಅಂಗಿಯನ್ನು ತೊಟ್ಟವರು ಸೂಜಿಯನ್ನು ಹಿಡಿದು ಬಂದರೆ ಹಳ್ಳಿಯವರು ಅದನ್ನು ಚಿಕಿತ್ಸೆಯ ಮೊದಲ ಮೆಟ್ಟಿಲೆಂದೇ ಭಾವಿಸುವುದು ಸಹಜ. ‘ಇದು ನಿಮ್ಮ ಕಾಯಿಲೆಗೆ ಮದ್ದು ಕೊಡುವುದಕ್ಕಲ್ಲ, ಒಂದು ವಿಷಯವನ್ನು ತಿಳಿದುಕೊಳ್ಳುವುದಕ್ಕೆ, ನೀವು ಒಲ್ಲೆನೆಂದರೂ ಆಸ್ಪತ್ರೆಯಲ್ಲಿ ನಿಮಗೆ ದೊರೆಯುವ ಮದ್ದು ತಪ್ಪುವುದಿಲ್ಲ’ ಎಂಬ ಎರಡು ವಾಕ್ಯಗಳನ್ನು ಹೇಳದಿದ್ದರೆ, ಮಿಕ್ಕ ನಾಲ್ಕು ಪುಟಗಳ ಪತ್ರವು ವ್ಯರ್ಥ. ಇದರೊಡನೆ, ಚಿತ್ರದುರ್ಗದ ಸೀಮೆಯಲ್ಲಿ ತೆಲುಗು ಮನೆಮಾತಾದ ಹಳ್ಳಿಗಳೂ, ಲಂಬಾಣಿಯನ್ನಾಡುವ ತಾಂಡಗಳೂ, ಉರ್ದುವನ್ನಾಡುವ ಮನೆಗಳೂ ಇವೆ. ಕನ್ನಡದ ಪತ್ರವಿದ್ದ ಮಾತ್ರಕ್ಕೆ ತಿಳಿಯುವ ಭಾಷೆಯ ವಿಧಿಯು ಪೂರ್ಣವಾಯಿತೆಂದು ಹೇಳಲಾಗದು. ಓದುಬಾರದವರ ವಿಷಯದಲ್ಲಿ ನಿಷ್ಪಕ್ಷಪಾತಿಯಾದ ಸಾಕ್ಷಿಯೊಬ್ಬನ ಮುಂದೆ ಪತ್ರವನ್ನು ಓದಿಹೇಳಿ ಹೆಬ್ಬೆಟ್ಟನ್ನು ಪಡೆಯಬೇಕೆಂಬ ವಿಧಿಯಿದೆ. ಹೆಬ್ಬೆಟ್ಟು ಪಡೆದುದಕ್ಕೆ ಸಾಕ್ಷಿ ದೊರೆತೀತು. ಕೇಳಿದವನಿಗೆ ಅರ್ಥವಾಯಿತೆಂಬುದಕ್ಕೆ, ಅವನ ಬಾಯಿಂದಲೇ ಅದನ್ನು ತಿರುಗಿ ಹೇಳಿಸುವುದರ ಹೊರತು ಬೇರೆ ಸಾಕ್ಷಿಯಿಲ್ಲ.

ಎರಡನೆಯದು ಬಾಗಿಲು ಕಾಯುವವರ ಸಮಸ್ಯೆ. ೨೦೦೯ರಲ್ಲಿ, ಆಗ ಆಂಧ್ರಪ್ರದೇಶದಲ್ಲಿದ್ದ ಖಮ್ಮಂ ಜಿಲ್ಲೆಯಲ್ಲಿಯೂ ಗುಜರಾತಿನ ವಡೋದರದಲ್ಲಿಯೂ, ೧೦ರಿಂದ ೧೪ ವರ್ಷದ ಹೆಣ್ಣುಮಕ್ಕಳಿಗೆ ಗರ್ಭಕಂಠದ ಕ್ಯಾನ್ಸರನ್ನು ತಡೆಯುವ ಲಸಿಕೆಯನ್ನು ಹಾಕುವ ಅಧ್ಯಯನವು ನಡೆಯಿತು. ಖಮ್ಮಂನ ವಸತಿಶಾಲೆಗಳಲ್ಲಿ ಅನೇಕ ಬಾಲಿಕೆಯರ ಸಮ್ಮತಿಪತ್ರಗಳಿಗೆ ತಾಯಿತಂದೆಗಳ ಬದಲು ಶಾಲೆಯ ಮುಖ್ಯಸ್ಥರೂ ನಿಲಯಪಾಲಕರೂ ರುಜುಮಾಡಿದ್ದರು. ಕೆಲವು ಬಾಲಿಕೆಯರು ಮೃತರಾದ ವಾರ್ತೆ ಹಬ್ಬಿ, ೨೦೧೦ರ ಏಪ್ರಿಲಿನಲ್ಲಿ ಅಧ್ಯಯನವನ್ನು ನಿಲ್ಲಿಸಲಾಯಿತು. ಸರಕಾರವು ನೇಮಿಸಿದ ವಿಚಾರಣಾಸಮಿತಿಯು ಆ ಮರಣಗಳಿಗೆ ಲಸಿಕೆಯು ಕಾರಣವೆಂದು ಕಾಣಲಿಲ್ಲ. ಆದರೆ ಸಮ್ಮತಿಯ ಕ್ರಮದಲ್ಲಿ ಲೋಪಗಳನ್ನು ಕಂಡಿತು. ಸಂಸತ್ತಿನ ಸ್ಥಾಯೀಸಮಿತಿಯು ೨೦೧೩ರಲ್ಲಿ ಕಠಿನವಾದ ವರದಿಯನ್ನು ಕೊಟ್ಟಿತು. ಇದರಿಂದ ಹೊಸಬನು ಕಲಿಯಬೇಕಾದುದು ಎರಡಿದೆ. ಲಸಿಕೆಯು ಒಳ್ಳೆಯದೇ ಆಗಿದ್ದರೂ ಕೇಳದೆ ಹಾಕಿದುದು ನ್ಯಾಯವಾಗಲಿಲ್ಲ. ಅಲ್ಲದೆ, ಕೇಳದೆ ಹಾಕಿದುದರಿಂದಲೇ ಒಳ್ಳೆಯ ಲಸಿಕೆಯ ಮೇಲೆಯೂ ಜನರ ನಂಬಿಕೆ ಕೆಟ್ಟಿತು.

ಮಕ್ಕಳ ವಿಷಯದಲ್ಲಿ ಸೂತ್ರಗಳು ಸ್ಪಷ್ಟವಾಗಿವೆ. ತಾಯಿತಂದೆಗಳ ಸಮ್ಮತಿಯಲ್ಲದೆ, ೭ರಿಂದ ೧೨ ವರ್ಷದ ಮಕ್ಕಳಿಂದ ಬಾಯಿಮಾತಿನ ಒಪ್ಪಿಗೆಯನ್ನೂ, ಅದಕ್ಕೆ ಮೇಲ್ಪಟ್ಟು ೧೮ರ ಒಳಗಿನವರಿಂದ ಬರಹದ ಒಪ್ಪಿಗೆಯನ್ನೂ ಪಡೆಯಬೇಕು. ಊರಿನ ಮುಖಂಡರ ಅನುಮತಿಯು ವ್ಯಕ್ತಿಯ ಸಮ್ಮತಿಗೆ ಬದಲಾಗದೆಂದೂ ಹೇಳಿದೆ. ಆದರೆ ಕಷ್ಟವಿರುವುದು ಆಚರಣೆಯಲ್ಲಿ. ಹಿರಿಯೂರಿನ ಕಡೆಯ ಕಾಡುಗೊಲ್ಲರ ಹಟ್ಟಿಯೊಂದರಲ್ಲಿ ಸ್ತ್ರೀಯರ ಆರೋಗ್ಯವನ್ನು ಅಧ್ಯಯನಮಾಡಲು ಹೋದವರು ಮೊದಲು ಹಟ್ಟಿಯ ಹಿರಿಯರನ್ನು ಕಂಡು ಅವರ ಒಪ್ಪಿಗೆಯನ್ನು ಪಡೆಯುವುದು ಮರ್ಯಾದೆ. ಹಿರಿಯರು ಹೂಂ ಎಂದ ಮೇಲೆ ಒಲ್ಲೆನೆನ್ನುವ ಧೈರ್ಯವು ಎಷ್ಟು ಮಂದಿ ಹೆಂಗಸರಿಗೆ ಇದ್ದೀತು? ಮುಟ್ಟು, ಬಾಣಂತನಗಳಂತಹ ವಿಷಯದಲ್ಲಿ ಹಟ್ಟಿಯ ಕಟ್ಟುಪಾಡಿಗೆ ವಿರೋಧವಾದ ಉತ್ತರವನ್ನು ಹೇಳಿದವಳ ಗತಿಯೇನು? ಹಿರಿಯರ ಅನುಮತಿಯೆಂದರೆ ಒಳಕ್ಕೆ ಬಿಡುವ ಅನುಮತಿ ಮಾತ್ರವೆಂದು ಅವರಿಗೇ ಮೊದಲು ವಿವರಿಸಿ, ಯಾರು ಒಪ್ಪಿದರು ಯಾರು ಒಪ್ಪಲಿಲ್ಲವೆಂಬುದನ್ನು ಅವರಿಗೂ ತಿಳಿಸದೆ, ಪ್ರತಿಯೊಬ್ಬಳನ್ನೂ ಬೇರೆಯಾಗಿ ಹೆಂಗಸೊಬ್ಬಳಿಂದಲೇ ಕೇಳಿಸುವುದು ತಕ್ಕ ಮಾರ್ಗ. ಸೂತ್ರವು ತತ್ತ್ವವನ್ನು ಹೇಳಿ ನಿಲ್ಲುತ್ತದೆ. ಮಾರ್ಗವನ್ನು ಹೇಳುವ ವ್ಯಾಖ್ಯಾನವು ಬೇಕಾಗಿದೆ.

ಮೂರನೆಯದು ಕೇಡಿನ ಅಳತೆ. ಕೇಡನ್ನು ಸೂತ್ರಗಳು ಅತ್ಯಲ್ಪಕ್ಕಿಂತ ಕಡಮೆಯಾದುದು, ಅತ್ಯಲ್ಪವಾದುದು, ಅದಕ್ಕಿಂತ ತುಸು ಹೆಚ್ಚಾದುದು, ಅಧಿಕವಾದುದು ಎಂದು ನಾಲ್ಕಾಗಿ ವಿಂಗಡಿಸಿವೆ. ದೇಹಕ್ಕೆ ಮಾತ್ರವಲ್ಲದೆ ಮನಸ್ಸಿಗೂ ಸಮಾಜದಲ್ಲಿಯ ಸ್ಥಾನಕ್ಕೂ ಕೇಡು ತಟ್ಟಬಹುದೆಂಬುದನ್ನು ಅವು ಮರೆತಿಲ್ಲ. ಆದರೆ ಈ ಎರಡನೆಯ ಬಗೆಯ ಕೇಡನ್ನು ಅಳೆಯುವ ಕ್ರಮವನ್ನು ಹೊಸಬನಿಗೆ ತೋರಿಸಿಲ್ಲ. ಚಿತ್ರದುರ್ಗ ಜಿಲ್ಲೆಯ ಅನೇಕ ಗ್ರಾಮಗಳ ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡಿನ ಅಂಶವು ಮಿತಿಯನ್ನು ಮೀರಿರುವುದು ಪ್ರಸಿದ್ಧ. ಲೀಟರಿಗೆ ೧.೫ ಮಿಲಿಗ್ರಾಮಿಗಿಂತ ಹೆಚ್ಚಿರಬಾರದೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಮಿತಿ; ಹಲ್ಲು ಮೂಡುವ ಕಾಲದಲ್ಲಿ ಅದನ್ನು ಮೀರಿದ ನೀರನ್ನು ಕುಡಿದ ಮಕ್ಕಳ ಹಲ್ಲುಗಳಲ್ಲಿ ಕಂದು ಕಲೆಗಳು ಉಳಿಯುತ್ತವೆ. ದಂತವೈದ್ಯ ವಿದ್ಯಾರ್ಥಿಯೊಬ್ಬನು ಹೊಳಲ್ಕೆರೆಯ ಸೀಮೆಯ ಶಾಲೆಯೊಂದರಲ್ಲಿ ಮಕ್ಕಳ ಬಾಯಿಯನ್ನು ನೋಡಿ ಕಲೆಗಳನ್ನು ಎಣಿಸಲು ಹೋದನೆಂದು ಭಾವಿಸಬಹುದು. ದೇಹಕ್ಕೆ ಇದರಿಂದ ಯಾವ ಬಾಧೆಯೂ ಇಲ್ಲ. ಆದರೆ ಅವನ ಪ್ರಬಂಧದಲ್ಲಿ ಊರಿನ ಹೆಸರು ಅಚ್ಚಾಗಿ, ‘ಆ ಊರಿನವರ ಹಲ್ಲು ಹೀಗೆ’ ಎಂಬ ಮಾತು ಹಬ್ಬಿದರೆ, ಅಲ್ಲಿಯ ಹೆಣ್ಣುಮಕ್ಕಳ ಮದುವೆಯ ಮಾತುಕತೆಗೂ ಅದು ಮುಟ್ಟೀತು. ಗೋಪ್ಯವೆಂದರೆ ವ್ಯಕ್ತಿಯ ಹೆಸರನ್ನು ಮುಚ್ಚುವುದಷ್ಟೇ ಅಲ್ಲವೆಂಬುದು ಇಲ್ಲಿ ವ್ಯಕ್ತವಾಗುತ್ತದೆ. ಹಾಗೆಂದು ಊರಿನ ಹೆಸರನ್ನು ಎಲ್ಲಿಯೂ ಹೇಳದಿದ್ದರೆ ಆ ಊರಿಗೆ ಒಳ್ಳೆಯ ನೀರು ಬರುವುದು ಹೇಗೆ? ಅಚ್ಚಿನಲ್ಲಿ ಮರೆಮಾಡಬೇಕಾದುದನ್ನು ನೀರು ಒದಗಿಸಬೇಕಾದ ಅಧಿಕಾರಿಗೆ ಬಿಚ್ಚಿ ತಿಳಿಸಬೇಕು. ಈ ವಿವೇಕವನ್ನು ನಾಲ್ಕು ಮೆಟ್ಟಿಲುಗಳ ಅಳತೆಗೋಲು ಕೊಡಲಾರದು.

ಊರಿನ ಹೆಸರಿಗೆ ಒದಗಬಹುದಾದ ಗತಿಗೆ ಮಲೆನಾಡಿನ ಹಂದಿಗೋಡು ಸಾಕ್ಷಿ. ಸಾಗರ ತಾಲ್ಲೂಕಿನ ಈ ಗ್ರಾಮದಲ್ಲಿ ೧೯೭೦ರ ದಶಕದ ಮಧ್ಯದಲ್ಲಿ, ಸೊಂಟ ಮಂಡಿಗಳ ಕೀಲು ಸವೆದು, ಕೆಲವರಲ್ಲಿ ದೇಹವೇ ಕುಳ್ಳಾಗುವ ಕಾಯಿಲೆಯೊಂದು ವೈದ್ಯರ ಗಮನಕ್ಕೆ ಬಂದಿತು. ಅದಕ್ಕೆ ತುತ್ತಾದವರು ಬಹುಮಟ್ಟಿಗೆ ಬಡ ದಲಿತ ಕುಟುಂಬಗಳವರು. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯ ವಿದ್ವಾಂಸರು ಮೊದಲು ಬಂದರು. ಕೀಟನಾಶಕವನ್ನು ಚೆಲ್ಲಿದ ಗದ್ದೆಯ ಏಡಿಗಳನ್ನು ತಿಂದುದೇ ಕಾರಣವಿರಬಹುದೆಂಬ ಊಹೆ ಹುಟ್ಟಿತು. ಮುಂದಿನ ದಶಕಗಳ ಅಧ್ಯಯನಗಳು ಇದು ವಂಶದಲ್ಲಿ ಹರಿದುಬರುವ ಮೂಳೆಯ ವಿಕಾರವೆಂಬ ನಿರ್ಣಯದ ಕಡೆಗೆ ತಿರುಗಿದವು. ಶಾಸ್ತ್ರದಲ್ಲಿ ಒಂದು ಊಹೆ ಬಿದ್ದು ಇನ್ನೊಂದು ಏಳುವುದು ದೋಷವಲ್ಲ. ಚಂದ್ರವಳ್ಳಿಯ ಶಾಸನದ ಪಾಠಗಳಂತೆ ಇದೂ ಓದು, ಮರು ಓದು. ಆದರೆ ಬಂಡೆಗೆ ಇಲ್ಲದ ಕಷ್ಟವು ಇಲ್ಲಿದೆ. ಏಡಿಯೆಂದಾಗ ಜನರ ಊಟದ ಮೇಲೆ ಕಣ್ಣು ಬಿದ್ದಿತು. ವಂಶವೆಂದಾಗ ಅವರ ರಕ್ತದ ಮೇಲೆ, ಸಂಬಂಧಗಳ ಮೇಲೆ ಬಿದ್ದಿತು. ಪ್ರತಿಯೊಂದು ಮರು ಓದಿಗೂ ಮತ್ತೆ ರಕ್ತವನ್ನು ಕೊಡಬೇಕಾದವರು, ಮತ್ತೆ ಕ್ಷಕಿರಣದ ಮುಂದೆ ನಿಲ್ಲಬೇಕಾದವರು ಅವರೇ. ಕಾಯಿಲೆಗಾದರೋ ಊರಿನ ಹೆಸರೇ ನಿಂತಿತು. ಸಾಂಕ್ರಾಮಿಕ ರೋಗಗಳಿಗೆ ಸ್ಥಳದ ಹೆಸರನ್ನು ಇಡಕೂಡದೆಂದು ವಿಶ್ವ ಆರೋಗ್ಯ ಸಂಸ್ಥೆಯು ಸಲಹೆಮಾಡಿದ್ದು ೨೦೧೫ರಲ್ಲಿ. ಸಾಂಕ್ರಾಮಿಕವಲ್ಲದ ರೋಗಗಳಿಗೂ ಆ ವಿವೇಕವು ಸಲ್ಲತಕ್ಕದ್ದೇ.

ನ್ಯೂನತೆಗಳಲ್ಲಿ ಕೊನೆಯದೂ ಅತ್ಯಂತ ಮುಖ್ಯವಾದುದೂ ಕ್ರಿಯಾಪದಗಳಲ್ಲಿ ಅಡಗಿದೆ. ಸಮ್ಮತಿಯ ವಿಷಯವನ್ನು ಹೇಳುವಾಗ ಗ್ರಂಥದ ಧ್ವನಿಯು ವಿಧಿಯ ಧ್ವನಿ: ಪಡೆಯಲೇಬೇಕು, ದಾಖಲಿಸಲೇಬೇಕು. ಸಂಶೋಧನೆಯ ಫಲವನ್ನು ಭಾಗಿಗಳಿಗೆ ತಿಳಿಸುವ ವಿಷಯಕ್ಕೆ ಬಂದಾಗ ಅದೇ ಧ್ವನಿಯು ಸಡಿಲವಾಗಿ, ಪ್ರಸಕ್ತವಾದ ಕಡೆಗಳಲ್ಲಿ ಪ್ರಯತ್ನಿಸತಕ್ಕದ್ದೆಂಬ ಉಪದೇಶವಾಗುತ್ತದೆ. ಒಳಬರುವ ಬಾಗಿಲಿಗೆ ಭದ್ರವಾದ ಕಾವಲಿದೆ. ಹಿಂತಿರುಗಿ ಹೋಗಿ ಲೆಕ್ಕವೊಪ್ಪಿಸುವ ದಾರಿಯಲ್ಲಿ ದೀಪವಿಲ್ಲ. ಹೀಗಾಗಿ ಹೊಸಬನ ಮನಸ್ಸಿನಲ್ಲಿ ನೀತಿಯೆಂದರೆ ಸಮಿತಿಯ ಮುದ್ರೆ, ಭಾಗಿಯ ರುಜು, ಇವೆರಡರಲ್ಲಿಯೇ ಮುಗಿಯುವ ವ್ಯವಹಾರವೆಂಬ ಭಾವನೆಯು ನೆಲೆಗೊಳ್ಳುತ್ತದೆ. ಹಲ್ಲನ್ನು ತೋರಿಸಿದ ಬಾಲಕನಿಗೆ, ನೀರನ್ನು ಕೊಟ್ಟ ಮನೆಯವರಿಗೆ, ‘ನಿಮ್ಮ ಬಾವಿಯ ನೀರಿನಲ್ಲಿ ಇಷ್ಟಿದೆ, ಮಕ್ಕಳಿಗೆ ಇದನ್ನು ಕುಡಿಸಬೇಡಿ, ಇಂತಹ ಕಚೇರಿಗೆ ಬರೆದು ತಿಳಿಸಿದ್ದೇವೆ’ ಎಂದು ಬಂದು ಹೇಳುವವರೆಗೆ ಆ ವ್ಯವಹಾರವು ಮುಗಿದಿಲ್ಲ. ಕಲೆ ಬಿದ್ದ ಹಲ್ಲನ್ನು ಆ ಮಾತು ಬಿಳಿಮಾಡಲಾರದು. ಆದರೆ ತೊಟ್ಟಿಲಲ್ಲಿರುವ ತಂಗಿಯ ಹಲ್ಲನ್ನು ಉಳಿಸಬಲ್ಲುದು.

೫

ಹಾಗಾದರೆ ಹೊಸಬರಿಗೆ ಕಲಿಸುವ ಕ್ರಮ ಯಾವುದು? ಚೆನ್ನೈಯ ರಾಷ್ಟ್ರೀಯ ಸೋಂಕುರೋಗಶಾಸ್ತ್ರ ಸಂಸ್ಥೆಯು ಅಂತರಜಾಲದ ಮೂಲಕ ನಡೆಸುವ ಸಂಶೋಧನಾಪಾಠವನ್ನು ಸ್ನಾತಕೋತ್ತರ ವೈದ್ಯವಿದ್ಯಾರ್ಥಿಗಳಿಗೆ ಕಡ್ಡಾಯ ಮಾಡಿರುವುದು ಒಳ್ಳೆಯ ಆರಂಭವೇ. ಔಷಧಪ್ರಯೋಗಗಳನ್ನು ಮುಂಚಿತವಾಗಿ ಬರೆಯಿಸಬೇಕಾದ ರಾಷ್ಟ್ರೀಯ ನೋಂದಣಿಯು ೨೦೦೭ರಲ್ಲಿ ತೊಡಗಿ ೨೦೦೯ರಿಂದ ಕಡ್ಡಾಯವಾದುದು, ಬಂಡೆಯು ಕಲಿಸುವ ಮೊದಲನೆಯ ಧರ್ಮಕ್ಕೆ ಸಮನಾದುದು: ಏನನ್ನು ಹುಡುಕಲು ಹೊರಟೆನೆಂದು ಮೊದಲೇ ಎಲ್ಲರೆದುರು ಬರೆದಿಟ್ಟವನು, ಕಂಡ ಮೇಲೆ ಮಾತನ್ನು ಬದಲಿಸಲಾರನು. ಆದರೆ ಪರೀಕ್ಷೆಯಲ್ಲಿ ತೇರ್ಗಡೆಯಾದ ಪತ್ರವು ಈಜುವುದನ್ನು ಪುಸ್ತಕದಲ್ಲಿ ಓದಿದಂತೆ. ಸೂತ್ರಗಳ ಒಂದೊಂದು ಪ್ರಕರಣಕ್ಕೂ ಈ ನಾಡಿನಲ್ಲಿ ನಡೆದ ಒಂದೊಂದು ನಿದರ್ಶನವನ್ನು ಸೇರಿಸಿ, ಕನ್ನಡದಲ್ಲಿ ವ್ಯಾಖ್ಯಾನವೊಂದನ್ನು ರಚಿಸುವುದು ಅವಶ್ಯವಾಗಿದೆ. ಸಮ್ಮತಿಪತ್ರಗಳ ಭಾಷೆಯನ್ನು ತಿದ್ದುವ ಕೆಲಸದಲ್ಲಿ ವೈದ್ಯರೊಡನೆ ಭಾಷಾಶಾಸ್ತ್ರಜ್ಞರೂ, ಅವರಿಬ್ಬರೊಡನೆ ಆ ಪತ್ರಕ್ಕೆ ಹೆಬ್ಬೆಟ್ಟನ್ನು ಒತ್ತಬೇಕಾದ ಜನರೂ ಕುಳಿತುಕೊಳ್ಳಬೇಕು. ಪ್ರಬಂಧಕ್ಕೆ ಅನುಮತಿಯನ್ನು ಕೊಡುವ ನೀತಿಸಮಿತಿಯು, ಫಲವನ್ನು ಭಾಗಿಗಳಿಗೆ ಯಾವಾಗ, ಯಾವ ಮಾತಿನಲ್ಲಿ, ಯಾರ ಮೂಲಕ ತಿಳಿಸಲಾಗುವುದೆಂಬುದನ್ನು ಮೊದಲೇ ಬರೆಯಿಸಿಕೊಂಡು, ಕೊನೆಯಲ್ಲಿ ಅದು ನಡೆಯಿತೇ ಎಂದು ವಿಚಾರಿಸಬೇಕು. ಈಗಿನ ಸೂತ್ರಗಳ ಚೌಕಟ್ಟಿನೊಳಗೇ ಇದು ಸಾಧ್ಯ. ಹೊಸ ಶಾಸನವೇನೂ ಬೇಕಾಗಿಲ್ಲ.

ಒಟ್ಟಿನ ಮೇಲೆ ೨೦೧೭ರ ನೀತಿಸೂತ್ರಗಳು ಗೌರವಾರ್ಹವಾದ ಗ್ರಂಥ. ಹಿಂದಿನ ತಪ್ಪುಗಳಿಂದ ಪಾಠ ಕಲಿತು, ತಜ್ಞರು ಶ್ರದ್ಧೆಯಿಂದ ರಚಿಸಿದುದು. ಅದರಲ್ಲಿ ಕಾಣುವ ಕೊರತೆಯು ತತ್ತ್ವದ ಕೊರತೆಯಲ್ಲ. ತತ್ತ್ವವು ಯಾರ ಮನೆಯ ಬಾಗಿಲಿಗೆ ಹೋಗಬೇಕೋ ಆ ಮನೆಯ ಪರಿಚಯದ ಕೊರತೆ. ಬಂಡೆಯ ಮುಂದೆ ಸತ್ಯಸಂಧನಾಗಿರುವುದೂ ನೆಲದ ಮುಂದೆ ಎಚ್ಚರವಾಗಿರುವುದೂ ಎಲ್ಲ ಸಂಶೋಧಕರಿಗೂ ಸಮಾನವಾದ ಧರ್ಮ. ಮನುಷ್ಯನ ಮುಂದೆ ಅವೆರಡರ ಮೇಲೆ ಇನ್ನೊಂದು ಸೇರುತ್ತದೆ. ಅವನು ಓದಿಸಿಕೊಂಡು ಸುಮ್ಮನಿರುವ ವಸ್ತುವಲ್ಲ. ತನ್ನಲ್ಲಿ ಏನನ್ನು ಓದಿದಿರೆಂದು ಕೇಳುವ ಹಕ್ಕುಳ್ಳವನು.

ಚಂದ್ರವಳ್ಳಿಯ ಬಂಡೆಯ ಮೇಲೆ ಯಾವ ಯಾವ ರಾಜರ ಹೆಸರುಗಳಿವೆಯೆಂಬ ವಿವಾದವು ಬಹುಕಾಲ ನಡೆದಿದೆ, ಮುಂದೆಯೂ ನಡೆದೀತು. ಆದರೆ ಮಯೂರಶರ್ಮನು ಅಲ್ಲಿ ಕೆರೆಯನ್ನು ಕಟ್ಟಿಸಿದನೆಂಬ ಮೊದಲ ಮಾತಿನಲ್ಲಿ ವಿದ್ವಾಂಸರಿಗೆ ಸಾಮಾನ್ಯವಾಗಿ ಏಕಾಭಿಪ್ರಾಯವಿದೆ. ಕುಡಿಯುವ ನೀರಿನಲ್ಲಿಯೇ ರೋಗವಿರುವ ಸೀಮೆಗೆ ಸಂಶೋಧನೆಗೆಂದು ಹೊರಟ ಹೊಸಬನಿಗೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನವು ಬೇಕಾಗಿಲ್ಲ. ಪ್ರಬಂಧದಲ್ಲಿ ಬರೆದ ಸಿದ್ಧಾಂತಗಳನ್ನು ಮುಂದಿನವರು ಖಂಡಿಸಬಹುದು, ತಿದ್ದಬಹುದು, ಮರೆಯಬಹುದು. ಅಧ್ಯಯನದ ದೆಸೆಯಿಂದ ಊರಿಗೆ ಒಳ್ಳೆಯ ನೀರು ಬಂದಿದ್ದರೆ ಅಷ್ಟುಮಟ್ಟಿಗೆ ಅದು ವಿವಾದಾತೀತ.